ಕಾಫಿಯ ಇಲಿಗೂ ಅಡಿಕೆಯ ಇಲಿಗೂ ಒಂದೇ ತಕ್ಕಡಿ

ಸಕ್ಕರೆ ಕಾಯಿಲೆಯ ಮಾತು ಬಾರದ ಮನೆ ಇಂದು ನಮ್ಮ ಊರುಗಳಲ್ಲಿ ವಿರಳ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆಯೆಂದು ಅಂದಾಜು ಮಾಡಿದೆ. ಕಾಯಿಲೆಯ ಮಾತು ಬಂದ ಕಡೆ ಗಿಡಮೂಲಿಕೆಯ ಮಾತೂ ಬರುತ್ತದೆ. ಹೊನ್ನೆಮರದ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯಿರಿ ಎನ್ನುವವರು ಕೆಲವರು, ಮಧುನಾಶಿನಿ ಎಲೆ ಅಗಿಯಿರಿ ಎನ್ನುವವರು ಕೆಲವರು, ಮೆಂತ್ಯ ನೆನೆಸಿ ತಿನ್ನಿ ಎನ್ನುವವರು ಮತ್ತೆ ಕೆಲವರು. ಈಗ ಈ ಸಾಲಿಗೆ ನಾವು ಬೆಳೆಯುವ ಎರಡು ಬೆಳೆಗಳೂ ಸೇರಿವೆ. ಕಾಫಿ ಮಧುಮೇಹವನ್ನು ತಡೆಯುತ್ತದೆಯಂತೆ, ಅಡಿಕೆಯಲ್ಲಿರುವ ಅಂಶವೂ ಸಕ್ಕರೆ ಇಳಿಸುತ್ತದೆಯಂತೆ ಎಂಬ ಸುದ್ದಿ ಬೆಳೆಗಾರರ ನಡುವೆ ಕೈಯಿಂದ ಕೈಗೆ ಹೋಗುತ್ತಿದೆ.

ಇಂಥ ಸುದ್ದಿ ಕೇಳಿದರೆ ಯಾವ ಬೆಳೆಗಾರನಿಗೆ ಸಂತೋಷವಾಗುವುದಿಲ್ಲ? ನಮಗೂ ಆಗುತ್ತದೆ. ಆದರೆ ಈ ಮಾತುಗಳ ಹಿಂದಿರುವ ಆಧಾರ ಬಹುಮಟ್ಟಿಗೆ ಪ್ರಾಣಿಗಳ ಮೇಲೆ ನಡೆದ ಪ್ರಯೋಗ. ಎಲ್ಲೋ ಒಂದು ಪ್ರಯೋಗಶಾಲೆಯಲ್ಲಿ ಇಲಿಗೋ ಮೊಲಕ್ಕೋ ಸಾರ ಕೊಟ್ಟರು, ರಕ್ತದ ಸಕ್ಕರೆ ಇಳಿಯಿತು. ಆ ಇಲಿಯ ಸುದ್ದಿ ನಮ್ಮ ಅಂಗಳಕ್ಕೆ ಬರುವಷ್ಟರಲ್ಲಿ ಮನುಷ್ಯನ ಸುದ್ದಿಯಾಗಿರುತ್ತದೆ. ಅದನ್ನು ಎಷ್ಟು ನಂಬಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದರ ಬಗ್ಗೆ ನಮ್ಮ ಅಭಿಪ್ರಾಯವನ್ನು ಸದಸ್ಯ ಬಾಂಧವರ ಮುಂದೆ ಇಡುವುದು ಅಗತ್ಯವೆಂದು ತೋರಿದೆ.

ಪ್ರಾಣಿಗಳ ಋಣ

ಮೊದಲಿಗೆ ಒಂದು ಮಾತು. ಪ್ರಾಣಿಗಳ ಮೇಲಿನ ಪ್ರಯೋಗವೆಂದರೆ ಹುರುಳಿಲ್ಲದ್ದು ಎಂದು ನಾವು ಹೇಳುವುದಿಲ್ಲ. ಮಧುಮೇಹದ ಬಗ್ಗೆ ಇಂದು ಗೊತ್ತಿರುವುದರಲ್ಲಿ ಬಹಳಷ್ಟು ಪ್ರಾಣಿಗಳಿಂದಲೇ ತಿಳಿದದ್ದು. 1889ರಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ಎಂಬ ವಿಜ್ಞಾನಿಗಳು ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಮಧುಮೇಹ ಬಂದಿತು. ಕಾಯಿಲೆಯ ಮೂಲ ಈ ಗ್ರಂಥಿಯಲ್ಲಿದೆಯೆಂಬುದು ಹಾಗೆ ಖಚಿತವಾಯಿತು. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ನಾಯಿಗಳ ಮೇಲೆ ಪ್ರಯೋಗ ಮಾಡಿ ಇನ್ಸುಲಿನ್ ಕಂಡುಹಿಡಿದರು. ಮರುವರ್ಷ ಜನವರಿಯಲ್ಲಿ ಅದನ್ನು ರೋಗಿಗೆ ಕೊಟ್ಟರು.

ಗಿಡಮರಗಳಿಂದ ಔಷಧ ಬಂದ ನಿದರ್ಶನಗಳೂ ಇವೆ. ಸೇಬಿನ ಮರದ ತೊಗಟೆಯಲ್ಲಿ ಫ್ಲೋರಿಜಿನ್ ಎಂಬ ಕಹಿ ವಸ್ತುವಿದೆ. ಅದನ್ನು ತೊಗಟೆಯಿಂದ ಬೇರ್ಪಡಿಸಿದ್ದು 1835ರಲ್ಲಿ. ನಾಯಿಗಳಿಗೆ ಕೊಟ್ಟರೆ ಮೂತ್ರದಲ್ಲಿ ಸಕ್ಕರೆ ಹೋಗುತ್ತದೆಂದು ಮೇಲೆ ಹೇಳಿದ ಫಾನ್ ಮೇರಿಂಗ್ ಅವರೇ 1886ರಲ್ಲಿ ತೋರಿಸಿದ್ದರು. ನೂರು ವರ್ಷಗಳ ನಂತರ, 1987ರಲ್ಲಿ, ಮಧುಮೇಹವಿರುವ ಇಲಿಗಳಲ್ಲಿ ಇದೇ ವಸ್ತು ರಕ್ತದ ಸಕ್ಕರೆಯನ್ನು ಸರಿಪಡಿಸುವುದು ಕಂಡುಬಂತು. ಆದರೆ ನುಂಗಿದರೆ ಫ್ಲೋರಿಜಿನ್ ಕರುಳಿನಲ್ಲೇ ಒಡೆದುಹೋಗುತ್ತದೆ. ಅದರ ರಚನೆಯನ್ನು ಮಾದರಿಯಾಗಿಟ್ಟುಕೊಂಡು ರಸಾಯನ ವಿಜ್ಞಾನಿಗಳು ಹೊಸ ವಸ್ತುಗಳನ್ನು ತಯಾರಿಸಬೇಕಾಯಿತು. ಡಾಪಾಗ್ಲಿಫ್ಲೋಜಿನ್ ಎಂಬ ಮಾತ್ರೆ ಯೂರೋಪಿನಲ್ಲಿ ಮಂಜೂರಾದದ್ದು 2012ರಲ್ಲಿ. ನಾಯಿಯಿಂದ ಮಾತ್ರೆಗೆ ಬರಲು 126 ವರ್ಷ ಹಿಡಿಯಿತು.

ಇಂದು ಮಧುಮೇಹಿಗಳಲ್ಲಿ ಬಹುಮಂದಿ ಸೇವಿಸುವ ಮೆಟ್‌ಫಾರ್ಮಿನ್‌ನ ಕಥೆಯೂ ಹೀಗೆಯೇ. ಯೂರೋಪಿನಲ್ಲಿ ಗ್ಯಾಲೆಗಾ ಎಂಬ ದ್ವಿದಳ ಜಾತಿಯ ಗಿಡವಿದೆ. ಹಳೆಯ ನಾಟಿವೈದ್ಯದಲ್ಲಿ ಅದಕ್ಕೆ ಸ್ಥಾನವಿತ್ತು. ಕುರಿಗಳು ಹೆಚ್ಚು ಮೇಯ್ದರೆ ಸಾಯುತ್ತವೆಂಬುದೂ ಗೊತ್ತಿತ್ತು. ಅದರಲ್ಲಿರುವ ಗ್ಯಾಲೆಜಿನ್ ಎಂಬ ಅಂಶ ಸಕ್ಕರೆ ಇಳಿಸುತ್ತದೆಂದು ಕಂಡು ರೋಗಿಗಳಿಗೂ ಕೊಟ್ಟು ನೋಡಿದರು, ಕೈಬಿಟ್ಟರು. ಅದರ ನೆಂಟನಾದ ಮೆಟ್‌ಫಾರ್ಮಿನ್ ತಯಾರಾದದ್ದು 1922ರಲ್ಲಿ, ಫ್ರಾನ್ಸಿನ ವೈದ್ಯ ಜ್ಯಾನ್ ಸ್ಟೆರ್ನ್ ಅದನ್ನು ಮಧುಮೇಹಿಗಳಲ್ಲಿ ಬಳಸಿ ವರದಿ ಮಾಡಿದ್ದು 1957ರಲ್ಲಿ. ಗಿಡ ದಾರಿ ತೋರಿಸಿತು ನಿಜ, ಆದರೆ ಗಿಡವನ್ನೇ ಅರೆದು ಕುಡಿದಿದ್ದರೆ ಕುರಿಗೆ ಆದ ಗತಿ ಮನುಷ್ಯನಿಗೂ ಆಗಬಹುದಿತ್ತು. ಪ್ರಾಣಿಗಳ ಪ್ರಯೋಗವೆಂದರೆ ಗೇಟು, ಮನೆಯಲ್ಲ. ಗೇಟಿನಲ್ಲೇ ನಿಂತು ಮನೆ ಸೇರಿದೆವೆಂದು ಹೇಳಬಾರದು.

ಇಲಿಗೆ ಮಧುಮೇಹ ಬರುವ ಬಗೆ

ಪ್ರಯೋಗಶಾಲೆಯ ಇಲಿಗೆ ಮಧುಮೇಹ ಹೇಗೆ ಬರುತ್ತದೆಂಬುದನ್ನು ನಮ್ಮಲ್ಲಿ ಹಲವರು ಕೇಳಿರಲಾರರು. ಹೆಚ್ಚಿನ ಪ್ರಯೋಗಗಳಲ್ಲಿ ಅದಕ್ಕೆ ವಿಷ ಕೊಡುತ್ತಾರೆ. ಅಲೋಕ್ಸಾನ್ ಎಂಬ ರಾಸಾಯನಿಕವು ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಕೊಲ್ಲುತ್ತದೆಂದು 1943ರಲ್ಲಿ ಮೊಲಗಳಲ್ಲಿ ಕಂಡುಬಂತು. ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಸಿಗುವ ಸ್ಟ್ರೆಪ್ಟೊಜೋಟೊಸಿನ್ ಸಹ ಇದೇ ಕೆಲಸ ಮಾಡುತ್ತದೆಂದು 1963ರಲ್ಲಿ ತಿಳಿಯಿತು. ಒಂದು ಚುಚ್ಚುಮದ್ದು ಕೊಟ್ಟರೆ ಕೆಲವೇ ದಿನಗಳಲ್ಲಿ ಆರೋಗ್ಯವಂತ ಇಲಿ ಮಧುಮೇಹಿಯಾಗುತ್ತದೆ. ಆ ಮೇಲೆ ಗಿಡದ ಸಾರ ಕೊಟ್ಟು ಎರಡು ಮೂರು ವಾರ ನೋಡುತ್ತಾರೆ.

ನಮಗೆ ನಡುವಯಸ್ಸಿನಲ್ಲಿ ಬರುವ ಮಧುಮೇಹ ಹೀಗೆ ಬರುವುದಿಲ್ಲ. ಅದು ಹತ್ತಾರು ವರ್ಷಗಳಲ್ಲಿ ನಿಧಾನವಾಗಿ, ವಂಶ, ಬೊಜ್ಜು, ಊಟ, ದುಡಿಮೆ ಇವೆಲ್ಲ ಸೇರಿ ಬರುವಂಥದ್ದು. ವಿಷದಿಂದ ಗ್ರಂಥಿ ಸುಟ್ಟ ಇಲಿಯಲ್ಲಿ ಸಾರವೊಂದು ಗುಣ ತೋರಿದರೆ, ಅದು ವಿಷದ ಏಟನ್ನು ತಡೆಯಿತೋ, ಮಧುಮೇಹವನ್ನು ತಡೆಯಿತೋ ಎಂಬ ಪ್ರಶ್ನೆ ಉಳಿಯುತ್ತದೆ. ಬೊಜ್ಜಿನಿಂದ ಮಧುಮೇಹ ಬರುವ ಇಲಿಯ ತಳಿಗಳೂ ಇವೆ, ಅವು ನಮ್ಮ ಕಾಯಿಲೆಗೆ ಹೆಚ್ಚು ಹತ್ತಿರ. ಆದರೂ ಇಲಿ ಇಲಿಯೇ.

ಪ್ರಮಾಣದ ಲೆಕ್ಕ ಇನ್ನೊಂದು. ಇಲಿಗೆ ಕಿಲೋ ತೂಕಕ್ಕೆ 250 ಮಿಲಿಗ್ರಾಂ ಸಾರ ಕೊಟ್ಟರೆಂದು ಇಟ್ಟುಕೊಳ್ಳೋಣ. ನೇರ ಲೆಕ್ಕದಲ್ಲಿ 60 ಕಿಲೋ ತೂಕದ ಮನುಷ್ಯನಿಗೆ ದಿನಕ್ಕೆ 15 ಗ್ರಾಂ ಸಾರವಾಯಿತು. ಸಾರವೆಂದರೆ ಹಸಿ ಎಲೆಯಲ್ಲ. ಅಷ್ಟು ಸಾರಕ್ಕೆ ಎಷ್ಟೋ ಪಟ್ಟು ಎಲೆ ಬೇಕು. ಇಲಿಯ ದೇಹ ಔಷಧವನ್ನು ನಮ್ಮ ದೇಹಕ್ಕಿಂತ ಬೇಗ ಖರ್ಚು ಮಾಡುವುದರಿಂದ ಈ ನೇರ ಲೆಕ್ಕವೂ ಸರಿಹೊಂದುವುದಿಲ್ಲ. ಬೆಳಿಗ್ಗೆ ಅಗಿದ ಎರಡು ಎಲೆ ಆ ಇಲಿ ಕಂಡ ಪ್ರಮಾಣಕ್ಕೆ ಸಮವೆಂದು ತಿಳಿಯುವುದು ಸರಿಯಲ್ಲ.

ಹೊನ್ನೆಮರದ ಪಾಠ

ನಮ್ಮ ತೋಟಗಳ ನೆರಳಿನಲ್ಲಿ, ಬೆಟ್ಟಗಳಲ್ಲಿ ನಿಂತಿರುವ ಹೊನ್ನೆಯ ಕಥೆ ಎಲ್ಲ ಬೆಳೆಗಾರರಿಗೂ ತಿಳಿದಿರಬೇಕಾದದ್ದು. 1980ರ ಸುಮಾರಿಗೆ ನಮ್ಮ ದೇಶದ ಸಂಶೋಧಕರು ಹೊನ್ನೆಯಲ್ಲಿರುವ ಎಪಿಕ್ಯಾಟೆಚಿನ್ ಎಂಬ ವಸ್ತುವನ್ನು ಅಲೋಕ್ಸಾನ್ ಕೊಟ್ಟ ಇಲಿಗಳಿಗೆ ನೀಡಿ, ಸತ್ತ ಜೀವಕೋಶಗಳು ಮತ್ತೆ ಹುಟ್ಟಿದವೆಂದು ವರದಿ ಮಾಡಿದರು. 1981ರಲ್ಲಿ ಅದು ಇಂಗ್ಲೆಂಡಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಸತ್ತ ಕೋಶ ಮರಳಿ ಹುಟ್ಟುವುದೆಂದರೆ ಕಾಯಿಲೆಯೇ ಗುಣವಾದಂತೆ! ಜಗತ್ತಿನ ಗಮನ ಅತ್ತ ಹರಿಯಿತು. ಬೇರೆ ಪ್ರಯೋಗಶಾಲೆಗಳು ಅದೇ ಪ್ರಯೋಗವನ್ನು ಮಾಡಿ ನೋಡಿದವು. ಆ ಫಲ ಅವರಿಗೆ ಸಿಗಲಿಲ್ಲ.

ಅಷ್ಟಕ್ಕೇ ಹೊನ್ನೆಯನ್ನು ಮೂಲೆಗೆಸೆಯಲಿಲ್ಲ. ವೈದ್ಯಕೀಯ ಸಂಶೋಧನಾ ಮಂಡಳಿಯು ಹೊನ್ನೆಯ ಸಾರವನ್ನು ಹೊಸದಾಗಿ ಮಧುಮೇಹ ಪತ್ತೆಯಾದ, ಕಾಯಿಲೆ ಸೌಮ್ಯವಾಗಿದ್ದ ರೋಗಿಗಳಿಗೆ ವೈದ್ಯರ ಮೇಲ್ವಿಚಾರಣೆಯಲ್ಲಿ ಕೊಡಿಸಿತು. 1998ರಲ್ಲಿ ಪ್ರಕಟವಾದ ವರದಿಯಂತೆ 97 ಮಂದಿಯಲ್ಲಿ 67 ಮಂದಿಗೆ ಹನ್ನೆರಡು ವಾರಗಳಲ್ಲಿ ಸಕ್ಕರೆ ಹತೋಟಿಗೆ ಬಂದಿತು. ಇದು ಸಣ್ಣ ವಿಷಯವಲ್ಲ. ಆದರೆ ಸಾರ ಕೊಡದೆ ಹೋಲಿಸಿ ನೋಡಿದ ಇನ್ನೊಂದು ಗುಂಪು ಆ ಪ್ರಯೋಗದಲ್ಲಿ ಇರಲಿಲ್ಲ.

ಹೋಲಿಕೆಯ ಗುಂಪು ಏಕೆ ಬೇಕೆಂಬುದನ್ನು ಅಡಿಕೆ ಬೆಳೆಗಾರನಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಕೊಳೆರೋಗಕ್ಕೆಂದು ಯಾರೋ ಹೊಸ ದ್ರಾವಣ ತಂದು ಹೊಡೆಸಿದರು, ಆ ವರ್ಷ ಕೊಳೆ ಬರಲಿಲ್ಲ. ಅದು ದ್ರಾವಣದ ಗುಣವೋ, ಮಳೆ ಬಿಡುವು ಕೊಟ್ಟದ್ದರ ಫಲವೋ? ಅದೇ ತೋಟದಲ್ಲಿ ನಾಲ್ಕು ಸಾಲು ಹೊಡೆಯದೆ ಬಿಟ್ಟು, ನಾಲ್ಕು ಸಾಲಿಗೆ ಬೋರ್ಡೋ ಹೊಡೆದು, ನಾಲ್ಕು ಸಾಲಿಗೆ ಹೊಸ ದ್ರಾವಣ ಹೊಡೆದು ನೋಡಿದರಷ್ಟೇ ಹೇಳಬಹುದು. ಮಧುಮೇಹ ಪತ್ತೆಯಾದ ಕೂಡಲೇ ಜನ ಊಟ ಕಡಿಮೆ ಮಾಡುತ್ತಾರೆ, ನಡೆಯಲು ಶುರುಮಾಡುತ್ತಾರೆ. ಸಕ್ಕರೆ ಇಳಿದದ್ದರಲ್ಲಿ ಹೊನ್ನೆಯ ಪಾಲೆಷ್ಟು, ಪಥ್ಯದ ಪಾಲೆಷ್ಟು? ತೋಟದ ಔಷಧಕ್ಕೆ ನಾವು ಕೇಳುವ ಲೆಕ್ಕವನ್ನು ನಮ್ಮ ಮೈಗೆ ಹೋಗುವ ಔಷಧಕ್ಕೂ ಕೇಳಬೇಡವೇ? ಇನ್ನು ಆ ಪ್ರಯೋಗದಲ್ಲಿ ಕೊಟ್ಟದ್ದು ದಿನಕ್ಕೆ ಇಷ್ಟು ಗ್ರಾಂ ಎಂದು ಅಳೆದ ಸಾರ. ಮಾರಾಟದ ಲೋಟದಲ್ಲಿ ರಾತ್ರಿ ನೆನೆದ ನೀರಿನಲ್ಲಿ ಎಷ್ಟು ಸಾರ ಇಳಿದಿರುತ್ತದೆಂದು ಯಾರೂ ಅಳೆದು ಕೊಡುವುದಿಲ್ಲ.

ಕಾಫಿಯ ವಿಚಾರ

ಈಗ ನಮ್ಮ ಕಾಫಿಗೆ ಬರೋಣ. ಕಾಫಿ ಬೀಜದಲ್ಲಿ ಕ್ಲೋರೊಜೆನಿಕ್ ಆಮ್ಲವೆಂಬ ವಸ್ತು ಧಾರಾಳವಾಗಿದೆ. ಅರೇಬಿಕಾಕ್ಕಿಂತ ರೋಬಸ್ಟಾದಲ್ಲಿ ಹೆಚ್ಚು. ಟ್ರೈಗೊನೆಲಿನ್ ಎಂಬ ಇನ್ನೊಂದು ವಸ್ತುವೂ ಇದೆ. ಇದು ಮೊದಲು ಸಿಕ್ಕಿದ್ದು ಮೆಂತ್ಯದಲ್ಲಿ, ಹೆಸರು ಬಂದದ್ದೂ ಮೆಂತ್ಯದ ಶಾಸ್ತ್ರೀಯ ನಾಮದಿಂದಲೇ. ಅಲೋಕ್ಸಾನ್ ಕೊಟ್ಟ ಇಲಿಗಳಲ್ಲಿ ಮೆಂತ್ಯ ಮತ್ತು ಅದರ ಈ ಅಂಶ ಸಕ್ಕರೆ ಇಳಿಸುತ್ತವೆಂಬ ವರದಿ 1974ರಲ್ಲೇ ಬಂದಿತ್ತು. ಜಪಾನಿನ ಸಂಶೋಧಕರು 2010ರಲ್ಲಿ ಮಧುಮೇಹದ ತಳಿಯ ಚಿಕ್ಕ ಇಲಿಗಳಿಗೆ ನೀರಿನ ಬದಲು ಕಾಫಿ ಕುಡಿಸಿ ಸಕ್ಕರೆ ಇಳಿದದ್ದನ್ನು ಕಂಡರು. ಇಷ್ಟೂ ನಮಗೆ ಸಿಹಿಸುದ್ದಿ.

ಆದರೆ 2013ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಕೊಬ್ಬಿನ ಆಹಾರ ತಿನ್ನುವ ಇಲಿಗಳಿಗೆ ಕ್ಲೋರೊಜೆನಿಕ್ ಆಮ್ಲವನ್ನೇ ಸೇರಿಸಿ ಕೊಟ್ಟಾಗ ಕಂಡದ್ದು ಉಲ್ಟಾ. ಆ ಇಲಿಗಳಲ್ಲಿ ಇನ್ಸುಲಿನ್ನಿನ ಕೆಲಸ ಮಂದವಾಯಿತು, ಪಿತ್ತಜನಕಾಂಗದಲ್ಲಿ ಕೊಬ್ಬು ಕೂಡಿತು. ಈ ಸುದ್ದಿ ನಮ್ಮ ನಡುವೆ ಕೈಯಿಂದ ಕೈಗೆ ಹೋದದ್ದನ್ನು ನಾವು ಕಾಣೆವು.

ಕಾಫಿಯ ಪರವಾಗಿ ಇಲಿಗಿಂತ ಬಲವಾದ ಸಾಕ್ಷಿ ಮನುಷ್ಯರದ್ದೇ ಇದೆ. ನೆದರ್ಲೆಂಡ್ಸಿನಲ್ಲಿ 17,111 ಮಂದಿಯನ್ನು ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಏಳು ಕಪ್ಪು ಅಥವಾ ಹೆಚ್ಚು ಕಾಫಿ ಕುಡಿಯುವವರಿಗೆ ಮಧುಮೇಹ ಬರುವ ಸಂಭವ ಎರಡು ಕಪ್ಪು ಅಥವಾ ಕಡಿಮೆ ಕುಡಿಯುವವರಿಗಿಂತ ಅರ್ಧದಷ್ಟಿತ್ತು. ಆ ಮೇಲೆ ಬೇರೆ ದೇಶಗಳ ಅಧ್ಯಯನಗಳಲ್ಲಿಯೂ ಇದೇ ದಿಕ್ಕಿನ ಫಲ ಬಂದಿದೆ, ಕೆಫೀನ್ ತೆಗೆದ ಕಾಫಿಯಲ್ಲೂ ಕಂಡಿದೆ. ಆದರೆ ಇದು ಕಾಯಿಲೆ ಬಾರದವರ ಲೆಕ್ಕ. ಬಂದವರಿಗೆ ಕಾಫಿ ಔಷಧವೆಂದು ಇದರಲ್ಲಿ ಎಲ್ಲಿಯೂ ಇಲ್ಲ. ಕೆಫೀನ್ ಕೊಟ್ಟ ಕೂಡಲೇ ಇನ್ಸುಲಿನ್ನಿನ ಕೆಲಸ ಸ್ವಲ್ಪ ಹೊತ್ತು ಮಂದವಾಗುವುದೂ ಮನುಷ್ಯರಲ್ಲಿ ಕಂಡುಬಂದಿದೆ. ಅಲ್ಲದೆ ಅವರು ಕುಡಿಯುವ ಕಾಫಿಗೂ ಅರ್ಧ ಲೋಟ ಹಾಲು, ಎರಡು ಚಮಚ ಸಕ್ಕರೆ ಹಾಕಿ ನಾವು ಕುಡಿಯುವ ಕಾಫಿಗೂ ವ್ಯತ್ಯಾಸವಿದೆ.

ಆತುರದ ಪ್ರಚಾರ ಎಲ್ಲಿಗೆ ಮುಟ್ಟುತ್ತದೆಂಬುದಕ್ಕೂ ನಿದರ್ಶನವಿದೆ. ಹಸಿರು ಕಾಫಿ ಬೀಜದ ಸಾರ ಬೊಜ್ಜು ಕರಗಿಸುತ್ತದೆಂದು ಭಾರತದಲ್ಲಿ ಕೇವಲ 16 ಜನರ ಮೇಲೆ ನಡೆಸಿದ ಪ್ರಯೋಗವನ್ನು ಮುಂದಿಟ್ಟುಕೊಂಡು 2012ರಿಂದ ಅಮೆರಿಕದಲ್ಲಿ ಭಾರಿ ವ್ಯಾಪಾರ ನಡೆಯಿತು. 2014ರಲ್ಲಿ ಆ ಲೇಖನವನ್ನೇ ಹಿಂದಕ್ಕೆ ಪಡೆಯಲಾಯಿತು. ಸಾರ ಮಾರಿದ ಕಂಪನಿಯು ಅಲ್ಲಿನ ಸರ್ಕಾರದೊಡನೆ 35 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅಂಥ ಹಣ ಬೆಳೆಗಾರನಿಗೆ ಬರುವುದಿಲ್ಲ, ಬರುವುದು ಕೆಟ್ಟ ಹೆಸರು ಮಾತ್ರ.

ಅಡಿಕೆಯ ವಿಚಾರ

ಅಡಿಕೆಯ ಮಾತು ಬಂದರೆ ನಮ್ಮ ಗಂಟಲು ಸ್ವಲ್ಪ ಕಟ್ಟುತ್ತದೆ. ಆದರೂ ಹೇಳಲೇಬೇಕು. ಅಡಿಕೆಯ ಮುಖ್ಯ ಅಂಶವಾದ ಅರೆಕೋಲಿನ್ ಅನ್ನು ಅಲೋಕ್ಸಾನ್ ಕೊಟ್ಟ ಮೊಲಗಳಿಗೆ ಚುಚ್ಚಿದಾಗ ಸಕ್ಕರೆ ಇಳಿಯಿತೆಂದು 1993ರಲ್ಲಿ ನಮ್ಮ ದೇಶದ ಪತ್ರಿಕೆಯೊಂದರಲ್ಲಿ ವರದಿಯಾಯಿತು. ಅಡಿಕೆ ಒಳ್ಳೆಯದೆಂದು ಹೇಳುವಾಗ ಈ ಮೊಲವನ್ನು ಮುಂದೆ ತರುವುದುಂಟು. ಮರುವರ್ಷವೇ, 1994ರಲ್ಲಿ, ಇಂಗ್ಲೆಂಡಿನ ಸಂಶೋಧಕರು ಚಿಕ್ಕ ಇಲಿಗಳಿಗೆ ಕೆಲವು ದಿನ ಆಹಾರದಲ್ಲಿ ಅಡಿಕೆ ಬೆರೆಸಿ ಕೊಟ್ಟು, ಆ ಮೇಲೆ ಅವುಗಳಲ್ಲಿ ಕೆಲವಕ್ಕೆ ಸಕ್ಕರೆ ಅರಗಿಸುವ ಶಕ್ತಿ ಕುಂದಿದ್ದನ್ನು ವರದಿ ಮಾಡಿದರು. ಅಡಿಕೆಯನ್ನೇ ತಿನ್ನದ ಮರಿಗಳಲ್ಲಿ, ಮರಿಗಳ ಮರಿಗಳಲ್ಲಿಯೂ ಕೆಲವಕ್ಕೆ ಆ ದೋಷ ಕಂಡಿತು. ಅಡಿಕೆಯ ಅಂಶಗಳು ನೈಟ್ರೋಸೋ ಎಂಬ ಬಗೆಯ ಸಂಯುಕ್ತಗಳಾಗಿ ಮಾರ್ಪಡಬಲ್ಲವು. ಮೇಲೆ ಹೇಳಿದ ಸ್ಟ್ರೆಪ್ಟೊಜೋಟೊಸಿನ್ ವಿಷವೂ ಅದೇ ಬಗೆಯದು ಎಂಬುದು ಈ ಪ್ರಯೋಗಕ್ಕೆ ಪ್ರೇರಣೆಯಾಗಿದ್ದ ವಿಚಾರ.

ಈಗ ಹೇಳಿ, ಮೊಲವನ್ನು ನಂಬುವುದೋ, ಇಲಿಯನ್ನು ನಂಬುವುದೋ? ನಮಗೆ ಹಿತವಾದ ಮೊಲ ಸತ್ಯ, ಅಹಿತವಾದ ಇಲಿ ಸುಳ್ಳು ಎನ್ನುವುದು ವಿಚಾರವಂತರ ಮಾತಲ್ಲ. ಎರಡೂ ಪ್ರಾಣಿಗಳೇ, ಎರಡೂ ಗೇಟಿನವರೆಗಿನ ಸಾಕ್ಷಿಯೇ. ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು. ಮೊಲಕ್ಕೆ ಬೇರ್ಪಡಿಸಿದ ಅಂಶವನ್ನು ಚುಚ್ಚಿದರು, ಇಲಿಗೆ ಅಡಿಕೆಯನ್ನೇ ತಿನ್ನಿಸಿದರು. ಕವಳ ಹಾಕುವವರು ಅಡಿಕೆಯನ್ನು ಬಾಯಲ್ಲಿ ಅಗಿಯುತ್ತಾರೆಯೇ ಹೊರತು ಚುಚ್ಚಿಸಿಕೊಳ್ಳುವುದಿಲ್ಲ. ಹೀಗಾಗಿ ನಮ್ಮ ಅಭ್ಯಾಸಕ್ಕೆ ಹತ್ತಿರವಾದದ್ದು ಇಲಿಯ ಪ್ರಯೋಗವೇ.

ಮನುಷ್ಯರ ಸಾಕ್ಷಿಯೂ ಆ ಕಡೆಗೇ ವಾಲಿದೆ. ತೈವಾನಿನಲ್ಲಿ ದೊಡ್ಡ ಸಂಖ್ಯೆಯ ಜನರನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಡಿಕೆ ಅಗಿಯುವ ಗಂಡಸರಲ್ಲಿ ಮಧುಮೇಹ ಹೆಚ್ಚು ಕಂಡಿತು, ಅಗಿದಷ್ಟೂ ಏರಿತು. ತೈವಾನಿನ ಎಲೆಅಡಿಕೆಗೆ ಹೊಗೆಸೊಪ್ಪು ಸೇರಿಸುವ ಪದ್ಧತಿಯಿಲ್ಲ. ಆದ್ದರಿಂದ ದೋಷವೆಲ್ಲ ಹೊಗೆಸೊಪ್ಪಿನದು ಎಂಬ ನಮ್ಮ ಎಂದಿನ ಉತ್ತರ ಅಲ್ಲಿಗೆ ಹೊಂದುವುದಿಲ್ಲ. ಬಾಯಿ ಕ್ಯಾನ್ಸರಿನ ವಿಚಾರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ತೀರ್ಮಾನ ಬೇರೆ ಇದ್ದೇ ಇದೆ. ಅಡಿಕೆಯನ್ನು ನಂಬಿ ಲಕ್ಷಾಂತರ ಕುಟುಂಬಗಳು ಬದುಕುತ್ತಿವೆ, ನಾವೂ ಅವರಲ್ಲೇ ಸೇರಿದವರು. ನಮ್ಮ ಅನ್ನದ ಬೆಳೆಯೆಂಬ ಕಾರಣಕ್ಕೆ ನಮ್ಮ ಮನೆಯ ಹಿರಿಯರ ಕಾಲಿನ ಹುಣ್ಣನ್ನು ಕಾಣದವರಂತೆ ಇರಬೇಕೇ?

ನಮ್ಮ ಸಲಹೆ

ಸದಸ್ಯರ ವಿಚಾರಕ್ಕಾಗಿ ನಾಲ್ಕು ಮಾತುಗಳನ್ನು ಮುಂದಿಡುತ್ತೇವೆ.

ಮೊದಲನೆಯದು, ಯಾವ ಎಲೆ, ಚಕ್ಕೆ, ಕಷಾಯವನ್ನೇ ಸೇವಿಸಿ, ವೈದ್ಯರು ಕೊಟ್ಟ ಮಾತ್ರೆಯನ್ನಾಗಲಿ ಇನ್ಸುಲಿನ್ ಅನ್ನಾಗಲಿ ಸ್ವಂತ ಬುದ್ಧಿಯಿಂದ ನಿಲ್ಲಿಸಬಾರದು. ಮಧುನಾಶಿನಿಯಂಥವುಗಳಲ್ಲಿ ಗುಣವಿಲ್ಲವೆಂದು ನಾವು ಹೇಳುತ್ತಿಲ್ಲ. ಗುಣವಿದ್ದರೆ ಅಪಾಯವೂ ಉಂಟು: ಮಾತ್ರೆಯ ಜೊತೆ ಸೇರಿ ಸಕ್ಕರೆ ಅತಿಯಾಗಿ ಇಳಿದರೆ ಬೆವರಿ, ನಡುಗಿ, ಪ್ರಜ್ಞೆ ತಪ್ಪಬಹುದು. ಸೇವಿಸುವುದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು.

ಎರಡನೆಯದು, ಸಹಕಾರ ಸಂಘಗಳು ಮಾರುವ ಕಾಫಿಪುಡಿಯ ಪೊಟ್ಟಣದ ಮೇಲಾಗಲಿ ಅಡಿಕೆಯ ಪ್ರಚಾರದಲ್ಲಾಗಲಿ ಇಲಿ ಮೊಲಗಳ ಫಲವನ್ನು ಮನುಷ್ಯರ ಗುಣವೆಂದು ಅಚ್ಚು ಹಾಕಬಾರದು. ಒಳ್ಳೆಯ ಕಾಫಿಗೆ ರುಚಿಯೇ ಸಾಕಷ್ಟು ಜಾಹೀರಾತು.

ಮೂರನೆಯದು, ದೇಶದ ಕಾಫಿಯಲ್ಲಿ ಸುಮಾರು ಶೇಕಡ 70ನ್ನು ಬೆಳೆಯುವ, ಅಡಿಕೆಯಲ್ಲೂ ಮೊದಲ ಸ್ಥಾನದಲ್ಲಿರುವ ಕರ್ನಾಟಕದ ಬೆಳೆಗಾರರು ಸರ್ಕಾರವನ್ನು ಕೇಳಬೇಕಾದದ್ದು ಹೊಗಳಿಕೆಯನ್ನಲ್ಲ, ಪರೀಕ್ಷೆಯನ್ನು. ಕವಳ ಹಾಕುವವರು, ಹಾಕದವರು, ಕಾಫಿ ಕುಡಿಯುವವರು, ಕುಡಿಯದವರು ನಮ್ಮಲ್ಲೇ ಸಾವಿರಾರು ಮಂದಿ ಇದ್ದಾರೆ. ವೈದ್ಯಕೀಯ ಸಂಶೋಧನಾ ಮಂಡಳಿ, ಕಾಫಿ ಮಂಡಳಿ, ಅಡಿಕೆ ಸಂಶೋಧನೆಯಲ್ಲಿ ತೊಡಗಿರುವ ಕೇಂದ್ರಗಳು ಸೇರಿ ನಮ್ಮ ಜನರನ್ನೇ ಹಲವು ವರ್ಷ ಗಮನಿಸುವ ಅಧ್ಯಯನ ನಡೆಸಲಿ. ಫಲ ಏನೇ ಬಂದರೂ ಪ್ರಕಟಿಸಬೇಕೆಂಬ ಷರತ್ತಿನ ಮೇಲೆಯೇ ನಾವು ಒತ್ತಾಯಿಸಬೇಕು.

ನಾಲ್ಕನೆಯದು ಮನೆಯ ನಾಯಿಯ ಬಗ್ಗೆ. ನಾಯಿಗಳಿಗೂ ಮಧುಮೇಹ ಬರುತ್ತದೆ, ಹೆಚ್ಚಾಗಿ ಇನ್ಸುಲಿನ್ನೇ ಬೇಕಾಗುವ ಬಗೆಯದು. ಅತಿಯಾಗಿ ನೀರು ಕುಡಿದು, ತಿಂದರೂ ಬಡಕಲಾಗುತ್ತಿದ್ದರೆ ಪಶುವೈದ್ಯರಿಗೆ ತೋರಿಸಬೇಕು. ಇಲಿಗೆ ಒಳ್ಳೆಯದಾಯಿತೆಂದು ನಾಯಿಗೆ ಕಾಫಿ ಕುಡಿಸಲೇಬಾರದು. ಕೆಫೀನ್ ನಾಯಿಗೆ ವಿಷ. ಒಂದು ಪ್ರಾಣಿಯ ಔಷಧ ಇನ್ನೊಂದಕ್ಕೆ ವಿಷವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಅಡಿಕೆ ಮಂಡಿಯಲ್ಲಿ ತೂಕ ಹಾಕುವಾಗ ಕೊಡುವವನಿಗೊಂದು, ಕೊಳ್ಳುವವನಿಗೊಂದು ತಕ್ಕಡಿ ಇಟ್ಟರೆ ನಾವು ಸುಮ್ಮನಿರುವುದಿಲ್ಲ. ವಿಜ್ಞಾನದ ಸುದ್ದಿಯನ್ನು ತೂಗುವಾಗಲೂ ಅದೇ ನಿಷ್ಠೆ ಇರಲಿ. ಕಾಫಿಯ ಇಲಿಯನ್ನು ಯಾವ ತಕ್ಕಡಿಯಲ್ಲಿ ತೂಗುತ್ತೇವೋ ಅಡಿಕೆಯ ಇಲಿಯನ್ನೂ ಅದರಲ್ಲೇ ತೂಗೋಣ. ಸದಸ್ಯರು ಈ ಬಗ್ಗೆ ತಮ್ಮ ಅಭಿಪ್ರಾಯವನ್ನು, ಭಿನ್ನಾಭಿಪ್ರಾಯವನ್ನೂ, ಬರೆದು ತಿಳಿಸಬೇಕೆಂದು ಕೋರುತ್ತೇವೆ.